ಸೂಜಿ, ಮಾತ್ರೆ ಮತ್ತು ಒಂದು ಸಾವಿರ ಹೆಂಗಸರು

ಹೋದ ದೀಪಾವಳಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಊಟ ಆದ ಮೇಲೆ ತಂಗಿ ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿದಳು. ಹೊಕ್ಕುಳ ಕೆಳಗೆ ಎರಡು ನೀಲಿ ಕಲೆ, ಹೆಸರುಕಾಳಿನಷ್ಟು ದೊಡ್ಡವು. ಕಾಲಿನ ಒಳಬದಿಯಲ್ಲಿ ಇನ್ನೊಂದು.

"ನೋವಾಗಲ್ಲ ಅಕ್ಕ. ಇರುವೆ ಕಚ್ಚಿದ ಹಾಗೆ, ಅಷ್ಟೆ" ಅಂದಳು.

ಅವಳಿಗೆ ಪಿಸಿಓಡಿ, ಅಂದರೆ ಅಂಡಾಶಯದಿಂದ ಮೊಟ್ಟೆ ಸರಿಯಾಗಿ ಬಿಡುಗಡೆಯಾಗದ ತೊಂದರೆ. ಡಾಕ್ಟರುಗಳು ಈಗ ಪಿಸಿಓಎಸ್ ಅನ್ನುತ್ತಾರೆ, ಮನೆಗಳಲ್ಲಿ ಹಳೆ ಹೆಸರೇ ನಿಂತಿದೆ. ಮುಟ್ಟು ಎರಡು ತಿಂಗಳಿಗೊಮ್ಮೆ, ಕೆಲವು ಸಲ ಮೂರು ತಿಂಗಳಿಗೊಮ್ಮೆ. ಮದುವೆಯಾಗಿ ನಾಲ್ಕು ವರ್ಷ ಆಗಿತ್ತು, ಮಕ್ಕಳಾಗಿರಲಿಲ್ಲ. ಯಾರೋ ಹೇಳಿದರು ಅಂತ ಚೈನೀಸ್ ಪದ್ಧತಿಯ ಒಂದು ಕ್ಲಿನಿಕ್ಕಿಗೆ ವಾರಕ್ಕೆ ಎರಡು ಸಲ ಹೋಗಿ ಅಕ್ಯುಪಂಕ್ಚರ್ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು. ಏಳು ತಿಂಗಳಾಗಿತ್ತು. "ನೀನು ಇಂಥದ್ದೆಲ್ಲ ಓದ್ತೀಯಲ್ಲ. ಇದರಿಂದ ಏನಾದ್ರೂ ಆಗುತ್ತಾ ಇಲ್ವಾ, ನೇರವಾಗಿ ಹೇಳು" ಅಂದಳು.

ಇದೇ ಪ್ರಶ್ನೆಯನ್ನು ಚೀನಾದಲ್ಲೇ, ಅಲ್ಲಿನ ಸಾಂಪ್ರದಾಯಿಕ ವೈದ್ಯದವರೇ ಮುಂದೆ ನಿಂತು, ಒಂದು ಸಾವಿರ ಹೆಂಗಸರ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ಅವತ್ತು ಅವಳಿಗೆ ಅರ್ಧಂಬರ್ಧ ಹೇಳಿದ್ದೆ. ಪೂರ್ತಿ ಪ್ರಕರಣ ಇಲ್ಲಿದೆ.

ಹಾರ್ಬಿನ್

ಚೀನಾದ ಈಶಾನ್ಯ ಮೂಲೆಯ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದ ರಾಜಧಾನಿ ಹಾರ್ಬಿನ್. ಚಳಿಗಾಲದ ಹಿಮ ಉತ್ಸವಕ್ಕೆ ಹೆಸರಾದ ಊರು. ಅಲ್ಲಿ ಚೀನೀ ವೈದ್ಯಕ್ಕೆಂದೇ ಒಂದು ವಿಶ್ವವಿದ್ಯಾಲಯ ಇದೆ. ಅದರ ಆಸ್ಪತ್ರೆಯ ಸ್ತ್ರೀರೋಗ ತಜ್ಞ ವೂ ಶಿಯಾಓಕ ಈ ಪ್ರಯೋಗದ ಮುಂದಾಳು. ಅವರ ಜೊತೆಗೆ ಸ್ವೀಡನ್ನಿನ ಎಲಿಸಬೆತ್ ಸ್ಟೆನರ್-ವಿಕ್ಟೋರಿನ್, ಅಮೆರಿಕದ ರಿಚರ್ಡ್ ಲೆಗ್ರೊ, ಯೇಲ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಹೆಪಿಂಗ್ ಜಾಂಗ್ ಇದ್ದರು. ಚೀನಾದ 21 ಕಡೆ ಪ್ರಯೋಗ ನಡೆಯಿತು. 2012ರ ಜುಲೈನಿಂದ 2014ರ ನವೆಂಬರ್‌ವರೆಗೆ ಹೆಂಗಸರನ್ನು ಸೇರಿಸಿಕೊಂಡರು. ಫಲಿತಾಂಶ 2017ರ ಜೂನ್‌ನಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬಂತು.

ಸೂಜಿಯನ್ನು ನಂಬದವರು ಸೂಜಿಯ ತಪ್ಪು ಹಿಡಿಯಲು ಮಾಡಿದ ಕೆಲಸ ಇದಲ್ಲ. ವೂ ಅವರ ವಿಭಾಗ ಚೀನೀ ವೈದ್ಯದ ಆಸ್ಪತ್ರೆಯಲ್ಲೇ ಇರುವುದು. ಸ್ಟೆನರ್-ವಿಕ್ಟೋರಿನ್ ವರ್ಷಗಟ್ಟಲೆ ಇಲಿಗಳ ಮೇಲೆ, ಆಮೇಲೆ ಹೆಂಗಸರ ಮೇಲೆ ಅಕ್ಯುಪಂಕ್ಚರ್ ಪರಿಣಾಮ ಅಳೆದವರು. ಅವರ ಲೆಕ್ಕ ಹೀಗೆ: ಪಿಸಿಓಎಸ್ ಇದ್ದವರಲ್ಲಿ ಅಂಡಾಶಯಕ್ಕೆ ಹೋಗುವ ಒಂದು ಬಗೆಯ ನರಗಳ ಚಟುವಟಿಕೆ ಜಾಸ್ತಿ. ಹೊಟ್ಟೆ ಮತ್ತು ಕಾಲಿನ ಕೆಲವು ಸ್ನಾಯುಗಳ ನರಗಳು ಬೆನ್ನುಹುರಿಯಲ್ಲಿ ಅಂಡಾಶಯದ ನರಗಳು ಸೇರುವ ಮಟ್ಟದಲ್ಲೇ ಸೇರುತ್ತವೆ. ಅಲ್ಲಿ ಸೂಜಿ ಹಾಕಿ ಸಣ್ಣ ಕರೆಂಟ್ ಕೊಟ್ಟರೆ ಆ ಚಟುವಟಿಕೆ ತಗ್ಗಬಹುದು, ಮೊಟ್ಟೆ ಬಿಡುಗಡೆ ಸರಿಯಾಗಬಹುದು. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಇಲಿಗಳಲ್ಲಿ, ಮತ್ತೆ ಹೆಂಗಸರ ಸಣ್ಣ ಗುಂಪುಗಳಲ್ಲಿ ಈ ದಿಕ್ಕಿನ ಸೂಚನೆಯೂ ಸಿಕ್ಕಿತ್ತು.

ಚೀನೀ ವೈದ್ಯರು ಏನು ನೋಡುತ್ತಾರೆ

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಇದು ಗೊತ್ತಿಲ್ಲದಿದ್ದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ.

ಪಿಸಿಓಎಸ್ ಅನ್ನುವ ಕಾಯಿಲೆ ಹಳೆಯ ಚೀನೀ ಗ್ರಂಥಗಳಲ್ಲಿ ಇಲ್ಲ. ಅಲ್ಲಿರುವುದು "ತಡವಾದ ಮುಟ್ಟು", "ನಿಂತ ಮುಟ್ಟು", "ಗರ್ಭ ನಿಲ್ಲದಿರುವುದು". ಚೀನೀ ವೈದ್ಯರ ಬಳಿ ಹೋದರೆ ಮೊದಲು ನಾಲಿಗೆ ಚಾಚಲು ಹೇಳುತ್ತಾರೆ. ಆಮೇಲೆ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ನಾಡಿ ನೋಡುತ್ತಾರೆ. ಮೈ ತೂಕ ಜಾಸ್ತಿ, ನಾಲಿಗೆ ಮೇಲೆ ದಪ್ಪ ಜಿಡ್ಡಿನ ಪದರ, ಬೆರಳ ಕೆಳಗೆ ಜಾರಿದಂತೆ ಓಡುವ ನಾಡಿ ಇದ್ದರೆ "ಕಫ ಮತ್ತು ತೇವ ತುಂಬಿದೆ" ಅನ್ನುತ್ತಾರೆ. ಅದೇ ಜಾರುವ ನಾಡಿ ಗರ್ಭಿಣಿಯ ಗುರುತು ಕೂಡ ಅನ್ನುವುದು ಬೇರೆ ವಿಷಯ. ಸೊಂಟನೋವು, ಸುಸ್ತು, ಕೈಕಾಲು ತಣ್ಣಗೆ ಇದ್ದರೆ "ಮೂತ್ರಪಿಂಡ ಬಲಹೀನ". ಮುಟ್ಟಿಗೆ ಮುಂಚೆ ಸ್ತನಗಳ ನೋವು, ಸಿಡಿಮಿಡಿ ಇದ್ದರೆ "ಯಕೃತ್ತಿನ ಚೀ ಕಟ್ಟಿಕೊಂಡಿದೆ". ಚೀ ಅಂದರೆ ಮೈಯಲ್ಲಿ ಹರಿಯುವ ಪ್ರಾಣಶಕ್ತಿ. ರಕ್ತ ಕಪ್ಪಗೆ, ಗಡ್ಡೆಗಡ್ಡೆಯಾಗಿ ಹೋದರೆ "ರಕ್ತ ನಿಂತಿದೆ".

ಇಲ್ಲಿ ಮೂತ್ರಪಿಂಡ ಅಂದರೆ ಸ್ಕ್ಯಾನಿನಲ್ಲಿ ಕಾಣುವ ಕಿಡ್ನಿ ಅಂದುಕೊಂಡರೆ ದಾರಿ ತಪ್ಪುತ್ತೇವೆ. ಹುಟ್ಟಿನಿಂದ ಬಂದ ಸತ್ವ ಅಲ್ಲಿ ಕೂಡಿರುತ್ತದೆ, ಸಂತಾನಶಕ್ತಿ ಅದರಿಂದಲೇ ಬರುತ್ತದೆ ಅನ್ನುವುದು ಅವರ ಕಲ್ಪನೆ. ಹೆಣ್ಣಿನ ಆಯಸ್ಸನ್ನು ಏಳೇಳು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ. ಎರಡು ಏಳಕ್ಕೆ, ಅಂದರೆ 14ಕ್ಕೆ ಮುಟ್ಟು ಶುರು. ಏಳು ಏಳಕ್ಕೆ, ಅಂದರೆ 49ಕ್ಕೆ ಮುಗಿಯುತ್ತದೆ. ಎರಡು ಸಾವಿರ ವರ್ಷದ ಹಿಂದೆ ಹಾಕಿದ ಲೆಕ್ಕ, ಪರವಾಗಿಲ್ಲ.

ನಮಗೂ ಇದು ಪೂರ್ತಿ ಹೊಸದಲ್ಲ. ಮುಟ್ಟು ತಡವಾದರೆ ನಮ್ಮ ಅಜ್ಜಿಯರು ಎಳ್ಳು-ಬೆಲ್ಲ ಕೊಡುತ್ತಿದ್ದರು, "ಉಷ್ಣ ಆಗಲಿ" ಅಂತ. ಅಲ್ಲಿನ ಅಜ್ಜಿಯರು ಹೊಟ್ಟೆನೋವು ಬಂದರೆ ಕಪ್ಪು ಸಕ್ಕರೆ, ಶುಂಠಿ ಹಾಕಿದ ಬಿಸಿನೀರು ಕೊಡುತ್ತಾರೆ, ಗರ್ಭಕೋಶದ ಶೀತ ಹೋಗಲಿ ಅಂತ. ಹಾಗಾಗಿ ನನ್ನ ತಂಗಿಗೆ ಆ ಕ್ಲಿನಿಕ್ಕಿನವರು "ನಿಮ್ಮ ಗರ್ಭಕೋಶ ತಣ್ಣಗಿದೆ" ಅಂದಾಗ ಅವಳು ಏನೂ ಪ್ರಶ್ನೆ ಕೇಳಲಿಲ್ಲ. ಮಾತು ಮನೆಯದ್ದೇ ಅನ್ನಿಸಿತು.

ಲಕ್ಷಣ ಬೇರೆಯಾದರೆ ಮದ್ದೂ ಬೇರೆ, ಚುಚ್ಚುವ ಜಾಗವೂ ಬೇರೆ. ಒಂದೇ ಪಿಸಿಓಎಸ್ ಇರುವ ಇಬ್ಬರಿಗೆ ಒಂದೇ ಕಷಾಯ ಕೊಡುವುದಿಲ್ಲ. ಇದು ನೆನಪಿರಲಿ.

ನಾಲ್ಕು ಗುಂಪು

ಪ್ರಯೋಗಕ್ಕೆ ಸೇರಿದವರು 20ರಿಂದ 40 ವಯಸ್ಸಿನವರು. ಎಲ್ಲರಿಗೂ ಪಿಸಿಓಎಸ್ ಇತ್ತು, ಎಲ್ಲರಿಗೂ ಮಗು ಬೇಕಿತ್ತು. ಸೇರಿಸಿಕೊಳ್ಳುವ ಮುಂಚೆ ಕೊನೇಪಕ್ಷ ಒಂದು ಗರ್ಭನಾಳವಾದರೂ ತೆರೆದಿದೆಯಾ ನೋಡಿದರು. ಗಂಡನ ವೀರ್ಯವನ್ನೂ ಪರೀಕ್ಷಿಸಿದರು.

ಆಮೇಲೆ ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಮೊದಲ ಗುಂಪಿಗೆ ನಿಜವಾದ ಸೂಜಿ, ನಿಜವಾದ ಮಾತ್ರೆ. ಎರಡನೆಯದಕ್ಕೆ ನಕಲಿ ಸೂಜಿ, ನಿಜವಾದ ಮಾತ್ರೆ. ಮೂರನೆಯದಕ್ಕೆ ನಿಜವಾದ ಸೂಜಿ, ಮದ್ದಿಲ್ಲದ ಮಾತ್ರೆ. ನಾಲ್ಕನೆಯದಕ್ಕೆ ಎರಡೂ ನಕಲಿ. ಮಾತ್ರೆ ಅಂದರೆ ಕ್ಲೋಮಿಫೀನ್, ನಮ್ಮಲ್ಲೂ ಎಷ್ಟೋ ಜನ ನುಂಗಿರುವ ಹಳೆಯ ಮಾತ್ರೆ. ಅದು ಮಿದುಳಿಗೆ "ಈಸ್ಟ್ರೋಜನ್ ಸಾಲದು" ಅನ್ನುವ ಭ್ರಮೆ ಹುಟ್ಟಿಸುತ್ತದೆ. ಮಿದುಳು ಗಾಬರಿಯಾಗಿ ಜಾಸ್ತಿ ಹಾರ್ಮೋನು ಕಳಿಸುತ್ತದೆ, ಅಂಡಾಶಯದಲ್ಲಿ ಮೊಟ್ಟೆ ಬೆಳೆಯುತ್ತದೆ. ಒಂದೊಂದು ಸುತ್ತಿಗೆ ಐದು ದಿನ ಮಾತ್ರೆ, ಹೆಚ್ಚೆಂದರೆ ನಾಲ್ಕು ಸುತ್ತು.

ಸೂಜಿ ವಾರಕ್ಕೆ ಎರಡು ಸಲ, ಪ್ರತಿಸಲ 30 ನಿಮಿಷ. ಹೊಕ್ಕುಳ ಕೆಳಗೆ, ಹೊಟ್ಟೆಯ ಎರಡೂ ಬದಿ, ಕೈ, ಕಾಲು, ನೆತ್ತಿ. ಕಾಲಿನ ಒಳಬದಿಯಲ್ಲಿ ಒಂದು ಮುಖ್ಯ ಬಿಂದು ಇದೆ, ಸಾನ್‌ಯಿನ್‌ಜಿಯಾಓ ಅಂತ. ಮೂರು ಯಿನ್ ದಾರಿಗಳು, ಅಂದರೆ ಚೀ ಹರಿಯುವ ದಾರಿಗಳಲ್ಲಿ ಮೂರು, ಕೂಡುವ ಜಾಗ ಅಂತ ಅರ್ಥ. ಹುಡುಕುವುದು ಸುಲಭ. ಒಳಗಿನ ಹರಡಿನ ಮೂಳೆಯ ತುದಿಯಿಂದ ನಿಮ್ಮದೇ ನಾಲ್ಕು ಬೆರಳು ಅಡ್ಡ ಇಟ್ಟು ಮೇಲಕ್ಕೆ ಬನ್ನಿ. ಅಲ್ಲಿ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ಹಿಂದೆ ಒತ್ತಿದರೆ ತುಸು ನೋಯುತ್ತದೆ. ಚೀನೀ ವೈದ್ಯದಲ್ಲಿ ಮುಟ್ಟಿನ ತೊಂದರೆಗೆಲ್ಲ ಮೊದಲು ಕೈ ಹೋಗುವುದು ಇಲ್ಲಿಗೇ. ಗರ್ಭಿಣಿಯರಿಗೆ ಮಾತ್ರ ಈ ಬಿಂದು ಚುಚ್ಚಬಾರದು ಅನ್ನುವುದು ಅವರ ಹಳೆಯ ಕಟ್ಟಳೆ. ಸೂಜಿ ಹಾಕಿದ ಮೇಲೆ ಸುಮ್ನೆ ಬಿಡುವುದಿಲ್ಲ, ಬೆರಳಿನಲ್ಲಿ ಹಗುರವಾಗಿ ತಿರುಗಿಸುತ್ತಾರೆ. ಒಳಗೆ ಜೋಮು, ಭಾರ, ಬಿಗಿತ, ಮಂದ ನೋವು ಬರಬೇಕು. ಅದು ಬಂದರೆ ಚೀ ಬಂತು ಅಂತ ಲೆಕ್ಕ. ಈ ಪ್ರಯೋಗದಲ್ಲಿ ಸೂಜಿಗಳಿಗೆ ತಂತಿ ಸಿಕ್ಕಿಸಿ ಸಣ್ಣ ಕರೆಂಟನ್ನೂ ಕೊಟ್ಟರು, ಸೆಕೆಂಡಿಗೆ ಎರಡು ಮಿಡಿತದಂತೆ.

ನಕಲಿ ಸೂಜಿ ಅಂದರೆ? ತೋಳು, ಭುಜದಲ್ಲಿ ಯಾವ ಬಿಂದುವೂ ಅಲ್ಲದ ಜಾಗದಲ್ಲಿ ಚರ್ಮದ ಮೇಲ್ಮಟ್ಟಕ್ಕೆ ಸೂಜಿ. ತಂತಿ ಸಿಕ್ಕಿಸುತ್ತಿದ್ದರು, ಯಂತ್ರವೂ ಎದುರಿಗೇ ಇರುತ್ತಿತ್ತು, ಕರೆಂಟ್ ಮಾತ್ರ ಬರುತ್ತಿರಲಿಲ್ಲ.

ಫಲಿತಾಂಶ

ಸಾವಿರದಲ್ಲಿ ಕೊನೆವರೆಗೂ ಉಳಿದವರು 926. ಅಳೆದದ್ದು ಮುಟ್ಟು ಸರಿಹೋಯಿತಾ, ಹಾರ್ಮೋನು ಇಳಿಯಿತಾ ಅನ್ನುವುದನ್ನು ಮಾತ್ರವಲ್ಲ. ಮುಖ್ಯ ಲೆಕ್ಕ ಒಂದೇ: ಜೀವಂತ ಮಗು ಹುಟ್ಟಿತಾ ಇಲ್ಲವಾ. ಈ ಒಂದು ಕಾರಣಕ್ಕೇ ನನಗೆ ಈ ಪ್ರಯೋಗದ ಮೇಲೆ ಗೌರವ. ಮಗು ಬೇಕು ಅಂತ ಬಂದವಳಿಗೆ "ನಿಮ್ಮ ಹಾರ್ಮೋನ್ ರಿಪೋರ್ಟ್ ಚೆನ್ನಾಗಿದೆ" ಅಂದರೆ ಏನು ಬಂತು?

ನಿಜವಾದ ಸೂಜಿ, ನಿಜವಾದ ಮಾತ್ರೆ ಎರಡೂ ಸಿಕ್ಕ 235 ಮಂದಿಯಲ್ಲಿ 69 ಜನಕ್ಕೆ ಮಗುವಾಯಿತು. ನೂರಕ್ಕೆ 29.4. ನಕಲಿ ಸೂಜಿ, ನಿಜವಾದ ಮಾತ್ರೆ ಸಿಕ್ಕ 236ರಲ್ಲಿ 66, ನೂರಕ್ಕೆ 28. ನಿಜವಾದ ಸೂಜಿ ಮಾತ್ರ ಸಿಕ್ಕ 223ರಲ್ಲಿ 31, ನೂರಕ್ಕೆ 13.9. ಎರಡೂ ನಕಲಿ ಸಿಕ್ಕ 232ರಲ್ಲಿ 39, ನೂರಕ್ಕೆ 16.8.

ಮಾತ್ರೆ ನುಂಗಿದವರಲ್ಲಿ ಮಗುವಾದದ್ದು ನೂರಕ್ಕೆ 28.7, ನುಂಗದವರಲ್ಲಿ 15.4. ಹತ್ತಿರ ಹತ್ತಿರ ಎರಡರಷ್ಟು. ಸೂಜಿ ಚುಚ್ಚಿಸಿಕೊಂಡವರಲ್ಲಿ 21.8, ನಕಲಿ ಚುಚ್ಚಿಸಿಕೊಂಡವರಲ್ಲಿ 22.4. ಹೆಚ್ಚು ಕಡಿಮೆ ಒಂದೇ. ಸೂಜಿ ಒಂಟಿಯಾಗಿಯೂ ಕೈಹಿಡಿಯಲಿಲ್ಲ, ಮಾತ್ರೆಯ ಜೊತೆ ಸೇರಿಯೂ ಏನೂ ಹೆಚ್ಚು ಮಾಡಲಿಲ್ಲ. ಹಾಗಂತ ಸೂಜಿಯಿಂದ ಕೆಡುಕಾಯಿತು ಅಂತ 13.9 ಮತ್ತು 16.8 ಹಿಡಿದು ಹೇಳುವಂತಿಲ್ಲ. ಅಷ್ಟು ವ್ಯತ್ಯಾಸ ಸುಮ್ಮನೆ ಆಕಸ್ಮಿಕವಾಗಿಯೂ ಬರುತ್ತದೆ. ಸೂಜಿಯಿಂದ ಖಂಡಿತವಾಗಿ ಜಾಸ್ತಿಯಾದದ್ದು ಭೇದಿ, ಮತ್ತೆ ಚರ್ಮದ ಕೆಳಗೆ ರಕ್ತ ಕಟ್ಟಿದ ನೀಲಿ ಕಲೆ. ನಿಜವಾದ ಸೂಜಿಯ 500 ಮಂದಿಯಲ್ಲಿ 37 ಜನಕ್ಕೆ ಕಲೆಯಾಗಿತ್ತು, ನಕಲಿಯಲ್ಲಿ 9 ಜನಕ್ಕೆ. ತಂಗಿಯ ಹೊಟ್ಟೆ ಮೇಲೆ ನಾನು ನೋಡಿದ್ದೂ ಅದನ್ನೇ.

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗಿ ನೋಡುವುದು ಆ ಕೊನೆಯ 39 ಜನರನ್ನು. ಅವರಿಗೆ ಮದ್ದೂ ಸಿಗಲಿಲ್ಲ, ಸರಿಯಾದ ಸೂಜಿಯೂ ಸಿಗಲಿಲ್ಲ. ಆದರೂ ಆರು ಜನರಲ್ಲಿ ಒಬ್ಬಳಂತೆ ಮಗುವಾಯಿತು. ಪಿಸಿಓಎಸ್ ಅಂದರೆ ಮೊಟ್ಟೆಯೇ ಇಲ್ಲ ಅಂತಲ್ಲ. ಅದು ಬಿಡುಗಡೆಯಾಗುವ ತಿಂಗಳುಗಳು ಕಡಿಮೆ, ಅಷ್ಟೆ. ಬಿಡುಗಡೆಯಾದ ತಿಂಗಳು ಗರ್ಭ ನಿಲ್ಲಬಹುದು. ಆ 39 ಜನರಲ್ಲಿ ಒಬ್ಬಳು ಊರಲ್ಲಿ ಸಿಕ್ಕಿ "ವಾರಕ್ಕೆ ಎರಡು ಸಲ ಸೂಜಿ ಚುಚ್ಚಿಸಿಕೊಂಡೆ, ಈಗ ನೋಡಿ ಮಗು" ಅಂದರೆ ಅವಳು ಸುಳ್ಳು ಹೇಳುತ್ತಿಲ್ಲ. ನನ್ನ ತಂಗಿಗೆ ಆ ಕ್ಲಿನಿಕ್ಕಿನ ವಿಳಾಸ ಕೊಟ್ಟವರೂ ಇಂಥದ್ದೇ ಒಂದು ಮಗುವನ್ನು ಎತ್ತಿ ಆಡಿಸಿದ್ದವರು.

ಜಗಳ

ಸೂಜಿಯ ಪರ ಇರುವವರು ಸುಮ್ಮನಿರಲಿಲ್ಲ. ಅವರ ದೂರುಗಳಲ್ಲಿ ಒಂದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ನಾಲಿಗೆ, ನಾಡಿ ನೋಡಿ ಒಬ್ಬೊಬ್ಬರಿಗೆ ಬೇರೆ ಬೇರೆ ಚಿಕಿತ್ಸೆ ಕೊಡುವುದೇ ಚೀನೀ ವೈದ್ಯದ ಜೀವ ಅಂದೆನಲ್ಲ. ಈ ಪ್ರಯೋಗದಲ್ಲಿ ಎಲ್ಲರಿಗೂ ಮೊದಲೇ ಗೊತ್ತುಮಾಡಿದ ಬಿಂದುಗಳು. ಕಫದವಳಿಗೂ ಅದೇ, ಶೀತದವಳಿಗೂ ಅದೇ. ಎಲ್ಲರಿಗೂ ಒಂದೇ ಅಳತೆಯ ರವಿಕೆ ಹೊಲಿದು ಕೊಟ್ಟು, ಆಮೇಲೆ ಟೈಲರ್ ಸರಿಯಿಲ್ಲ ಅಂದ ಹಾಗಾಯಿತು ಅನ್ನುವುದು ಅವರ ವಾದ. ವಾರಕ್ಕೆ ಎರಡು ಸಲ ಸಾಲದು, ಇನ್ನೂ ಹೆಚ್ಚು ಬೇಕಿತ್ತು ಅನ್ನುವವರೂ ಇದ್ದಾರೆ. ನಕಲಿ ಸೂಜಿಯೂ ಚರ್ಮಕ್ಕೆ ಚುಚ್ಚಿದ್ದೇ ತಾನೆ, ಅದಕ್ಕೂ ಒಂದಿಷ್ಟು ಪರಿಣಾಮ ಇರಬಹುದಲ್ವಾ ಅನ್ನುವುದು ಇನ್ನೊಂದು ಮಾತು.

ಸರಿ, ಒಪ್ಪೋಣ. ಆದರೆ ನನ್ನ ತಂಗಿ ಹೋಗುತ್ತಿದ್ದ ಕಡೆಯೂ ವಾರಕ್ಕೆ ಎರಡೇ ಸಲ. ಏಳು ತಿಂಗಳಲ್ಲಿ ಬಿಂದುಗಳು ಬದಲಾಗಿದ್ದನ್ನು ಅವಳು ಕಾಣಳು. ಪ್ರಯೋಗ ಬಂದಾಗ "ಇದು ನಿಜವಾದ ಚೀನೀ ವೈದ್ಯ ಅಲ್ಲ" ಅನ್ನುವುದು, ರೋಗಿ ಬಂದಾಗ ಅದನ್ನೇ ಮಾರುವುದು, ಎರಡೂ ಒಟ್ಟಿಗೆ ಆಗಬಾರದು. ನಾಡಿ ನೋಡಿ ಕೊಡುವ ಚಿಕಿತ್ಸೆಯೇ ಮೇಲು ಅನ್ನುವುದಾದರೆ ಅದನ್ನೂ ಹೀಗೆಯೇ ಪರೀಕ್ಷೆಗೆ ಒಡ್ಡಬಹುದು. ನಕಲಿ ಸೂಜಿಗೂ ಗುಣ ಇದೆ ಅನ್ನುವುದಾದರೆ ಬಿಂದುಗಳ ಪಟ, ದಾರಿಗಳ ಲೆಕ್ಕ ಯಾಕೆ ಬೇಕು ಅಂತ ಕೇಳಬೇಕಾಗುತ್ತದೆ.

ಐವಿಎಫ್ ಮಾಡಿಸುವಾಗ, ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶದಲ್ಲಿ ಇಡಿಸಿಕೊಳ್ಳುವಾಗ, ಸೂಜಿ ಚುಚ್ಚಿಸಿಕೊಳ್ಳುವ ರೂಢಿಯ ಕತೆಯೂ ಹೀಗೆಯೇ. 2002ರಲ್ಲಿ ಜರ್ಮನಿಯ ಒಂದು ತಂಡ 160 ಹೆಂಗಸರಲ್ಲಿ ನೋಡಿತು. ಭ್ರೂಣ ಇಡುವ ಮುಂಚೆ ಮತ್ತು ಆಮೇಲೆ ಸೂಜಿ ಹಾಕಿಸಿಕೊಂಡವರಲ್ಲಿ ಗರ್ಭ ನಿಂತದ್ದು ನೂರಕ್ಕೆ 42.5, ಹಾಕಿಸಿಕೊಳ್ಳದವರಲ್ಲಿ 26.3. ಅದನ್ನು ಹಿಡಿದುಕೊಂಡು ಎಷ್ಟೋ ದೇಶಗಳಲ್ಲಿ ಸೂಜಿ ಐವಿಎಫ್ ಕೇಂದ್ರಗಳೊಳಗೆ ಕಾಲಿಟ್ಟಿತು. ಅಲ್ಲಿ ನಕಲಿ ಸೂಜಿಯ ಗುಂಪು ಇರಲಿಲ್ಲ. 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ 848 ಹೆಂಗಸರ ಮೇಲೆ ನಕಲಿ ಸೂಜಿಯನ್ನೂ ಇಟ್ಟು ನೋಡಿದರು. ಮಗುವಾದದ್ದು ನಿಜವಾದ ಸೂಜಿಯವರಲ್ಲಿ ನೂರಕ್ಕೆ 18.3, ನಕಲಿಯವರಲ್ಲಿ 17.8.

ಬೇರು, ತೊಗಟೆ

ಚೀನೀ ವೈದ್ಯ ಅಂದರೆ ಸೂಜಿ ಮಾತ್ರವಲ್ಲ, ಕಷಾಯವೂ ಇದೆಯಲ್ಲ ಅಂತ ತಂಗಿ ಕೇಳಿದ್ದಳು. ಹಾರ್ಬಿನ್ ತಂಡ ಅದನ್ನೂ ಒಂದು ತುದಿಯಿಂದ ಮುಟ್ಟಿ ನೋಡಿದೆ. ಹುವಾಂಗ್‌ಲಿಯನ್ ಅನ್ನುವ ಕಹಿ ಬೇರಿನಲ್ಲಿ ಬರ್ಬೆರಿನ್ ಎಂಬ ಹಳದಿ ಅಂಶ ಇದೆ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಇದೇ ಅಂಶ. 644 ಹೆಂಗಸರಲ್ಲಿ ಕೆಲವರಿಗೆ ಮೊಟ್ಟೆ ಬೆಳೆಸುವ ಇನ್ನೊಂದು ಮಾತ್ರೆ ಲೆಟ್ರೊಜೋಲ್, ಕೆಲವರಿಗೆ ಬರ್ಬೆರಿನ್, ಕೆಲವರಿಗೆ ಎರಡೂ ಕೊಟ್ಟರು. ಮಗುವಾದದ್ದು ಕ್ರಮವಾಗಿ ನೂರಕ್ಕೆ 36, 22, 34. ಬೇರು ಮಾತ್ರೆಗೆ ಸಮ ಬರಲಿಲ್ಲ, ಜೊತೆಗೂಡಿ ಏನೂ ಹೆಚ್ಚಿಸಲೂ ಇಲ್ಲ. ಲೆಟ್ರೊಜೋಲ್ ಅಂತೂ ಈಗ ಪಿಸಿಓಎಸ್‌ನಲ್ಲಿ ಮೊದಲು ಕೊಡುವ ಮಾತ್ರೆ. 2014ರ ಅಮೆರಿಕದ ಪ್ರಯೋಗದಲ್ಲಿ ಅದು ಕ್ಲೋಮಿಫೀನನ್ನು ಹಿಂದೆ ಹಾಕಿತ್ತು: ಮಗುವಾದದ್ದು ಲೆಟ್ರೊಜೋಲಿನವರಲ್ಲಿ ನೂರಕ್ಕೆ 27.5, ಕ್ಲೋಮಿಫೀನಿನವರಲ್ಲಿ 19.1.

ಕಷಾಯದ ಬಗ್ಗೆ ನನ್ನ ಹೆದರಿಕೆ ಬೇರೆ. ಸೂಜಿಯ ಕಲೆ ವಾರದಲ್ಲಿ ಮಾಯುತ್ತದೆ. 1990ರ ದಶಕದ ಶುರುವಿನಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಬೇರು ಸೇರಿಸಿದ ಮಾತ್ರೆ ತೆಗೆದುಕೊಂಡ ಹೆಂಗಸರ ಕಿಡ್ನಿಗಳೇ ಹೋದವು. ಹೆಸರಿನಲ್ಲಿ ಹೋಲುವ ಎರಡು ಬೇರುಗಳು ಅದಲುಬದಲಾಗಿದ್ದವು, ಬಂದದ್ದು ಅರಿಸ್ಟೊಲೋಕಿಕ್ ಆಮ್ಲ ಇರುವ ಬೇರು. ಅದೇ ಆಮ್ಲ ಇರುವ ಇನ್ನೊಂದು ಮೂಲಿಕೆಯನ್ನು ಚೀನಾ 2003ರಲ್ಲಿ ತನ್ನ ಮದ್ದಿನ ಪಟ್ಟಿಯಿಂದ ತೆಗೆದುಹಾಕಿತು. ಲೇಬಲ್ ಇಲ್ಲದ ಪುಡಿಯ ಪೊಟ್ಟಣವನ್ನು ಗರ್ಭ ನಿಲ್ಲಲಿ ಅಂತ ನುಂಗುವವರಿಗೆ ನಾನು ಹೇಳುವುದು ಒಂದೇ: ಒಳಗೇನಿದೆ ಬರೆದುಕೊಡಿ ಅಂತ ಕೇಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ.

ತಂಗಿಯ ವಿಷಯ

ಇದನ್ನೆಲ್ಲ ಫೋನಿನಲ್ಲಿ ಎರಡು ಸಲ ಹೇಳಿದೆ. ಅವಳು ಜಾಸ್ತಿ ಕೇಳಿದ್ದು ಸೂಜಿಯ ಅಂಕಿಗಳನ್ನಲ್ಲ. "ಆ ಪ್ರಯೋಗಕ್ಕೆ ಸೇರೋ ಮುಂಚೆ ಗಂಡಸರಿಗೂ ಟೆಸ್ಟ್ ಮಾಡಿದ್ರು ಅಂದ್ಯಲ್ಲ ಅಕ್ಕ. ನಮ್ಮಲ್ಲಿ ಯಾರೂ ಕೇಳೇ ಇಲ್ಲ."

ಏಳು ತಿಂಗಳು, ಐವತ್ತಕ್ಕೂ ಜಾಸ್ತಿ ಸಲ ಸೂಜಿ. ಅವಳ ನಾಲಿಗೆ ನೋಡಿದ್ದರು, ನಾಡಿ ಹಿಡಿದಿದ್ದರು, ಗರ್ಭಕೋಶ ತಣ್ಣಗಿದೆ ಅಂದಿದ್ದರು. ಅವಳ ಗಂಡನನ್ನು ಒಂದು ದಿನವೂ ಒಳಗೆ ಕರೆದಿರಲಿಲ್ಲ. ಅವನು ಪ್ರತಿಸಲ ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ.

ಸೂಜಿ ಬಿಡು ಅಂತ ನಾನು ಹೇಳಲಿಲ್ಲ. ಆ ಅರ್ಧ ಗಂಟೆ ಯಾರೂ ಫೋನ್ ಮಾಡುವುದಿಲ್ಲ, ಯಾರೂ "ಏನಾದ್ರೂ ವಿಶೇಷ ಇದೆಯಾ" ಅಂತ ಕೇಳುವುದಿಲ್ಲ, ಚೆನ್ನಾಗಿ ನಿದ್ದೆ ಬರುತ್ತದೆ ಅನ್ನುತ್ತಾಳೆ. ದುಡ್ಡು ಅವಳದು, ನಿದ್ದೆಯೂ ಅವಳದು. ಹೆರಿಗೆ ಡಾಕ್ಟರ ಹತ್ತಿರ ಹೋಗಿ ಲೆಟ್ರೊಜೋಲ್ ಬಗ್ಗೆ ಕೇಳು, ಗರ್ಭನಾಳ ನೋಡಿಸು, ಅವನ ಟೆಸ್ಟ್ ಮಾಡಿಸು ಅಂದೆ. ವಯಸ್ಸು ಮೂವತ್ತೆರಡು, ಇನ್ನೂ ಏಳು ತಿಂಗಳು ಸುಮ್ನೆ ಕಳೆಯಬೇಡ ಅಂತಲೂ ಅಂದೆ.

ಮೊನ್ನೆ ಬುಧವಾರ ಅವನು ಲ್ಯಾಬಿಗೆ ಹೋಗಿ ಸ್ಯಾಂಪಲ್ ಕೊಟ್ಟು ಬಂದಿದ್ದಾನೆ. ಅತ್ತೆಗೆ ಹೇಳಿಲ್ಲವಂತೆ. ರಿಪೋರ್ಟ್ ನಾಳೆ ಸಂಜೆ.